ಎಣ್ಣೆಯ ತಪ್ಪೋ, ಉರಿಯ ತಪ್ಪೋ

ಹೋಟೆಲಿನ ಫ್ರೈಯರನ್ನು ಮೊದಲು ನೋಡಬೇಕಾದದ್ದು ಬೆಳಗಿನ ಜಾವ, ಅದು ತಣ್ಣಗೆ ನಿಂತಿರುವಾಗ. ಗ್ರೈಂಡರಿನ ಸದ್ದು ಬಿಟ್ಟರೆ ಅಡುಗೆಮನೆಯಲ್ಲಿ ಬೇರೆ ಗದ್ದಲವಿಲ್ಲದ ಆ ಹೊತ್ತಿನಲ್ಲಿ ಟಾರ್ಚ್ ಹಿಡಿದು ಅದರ ಕಾಲ ಬಳಿ ಕುಕ್ಕರಗಾಲಲ್ಲಿ ಕೂತರೆ ಹಿಂದಿನ ದಿನ ಏನಾಯಿತೆಂಬುದು ನೆಲದ ಮೇಲೇ ಕಾಣುತ್ತದೆ. ಸಿಡಿದ ಎಣ್ಣೆ ಸಣ್ಣ ಹನಿಗಳಾಗಿ ಚದುರಿಕೊಂಡಿರುತ್ತದೆ. ಅದು ಕೆಲಸದ ಗುರುತು, ಚಿಂತೆಗೆ ಕಾರಣವಿಲ್ಲ. ಒಂದೇ ಜಾಗದಲ್ಲಿ ದುಂಡಗೆ ಹರಡಿದ ಕಲೆ, ಅಂಚಿನಲ್ಲಿ ಕಂದು, ನಡುವೆ ಇನ್ನೂ ಹಸಿ, ಹೀಗಿದ್ದರೆ ಅದು ಸೋರಿಕೆ. ತಲೆಯೆತ್ತಿ ನೋಡಿದರೆ ಸಾಮಾನ್ಯವಾಗಿ ಅದರ ನೇರಕ್ಕೆ ಎಣ್ಣೆ ಇಳಿಸುವ ವಾಲ್ವ್ ಇರುತ್ತದೆ. ಮಡ್ಡಿಯ ಚೂರು ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚದೆ ಹೋಗಿರಬಹುದು, ಇಲ್ಲವೇ ಒಳಗಿನ ಸೀಲು ಸವೆದಿರಬಹುದು.

ಕಲೆಯ ವಯಸ್ಸನ್ನೂ ಹೇಳಬಹುದು. ನಿನ್ನೆಯದು ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಹಲವು ದಿನ ಹಳೆಯದು ಉಗುರಿಗೆ ಅಂಟಿಕೊಂಡು ಎಳೆ ಬರುತ್ತದೆ. ಇನ್ನೂ ಹಳೆಯದಕ್ಕೆ ಕೆರೆಯುವ ಪಟ್ಟಿಯೇ ಬೇಕು, ಅದು ಜೇನುಬಣ್ಣದ ಗಟ್ಟಿ ಪೊರೆಯಾಗಿರುತ್ತದೆ. ಎಣ್ಣೆಯ ತೆಳು ಪದರಕ್ಕೆ ಶಾಖವೂ ಗಾಳಿಯೂ ತಾಗುತ್ತಿದ್ದರೆ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ವಾರ್ನಿಷ್ ಆಗುತ್ತವೆ. ಅಗಸೆ ಎಣ್ಣೆ ಬಣ್ಣದಲ್ಲಿ ಒಣಗಿ ಗಟ್ಟಿಯಾಗುವುದೂ ಇದೇ ಬಗೆಯ ಕ್ರಿಯೆಯಿಂದ. ಮೂರೂ ವಯಸ್ಸಿನ ಪೊರೆ ಒಂದೇ ಜಾಗದಲ್ಲಿ ಒಂದರ ಮೇಲೊಂದು ಕೂತಿದ್ದರೆ ಆ ವಾಲ್ವ್ ಬಹಳ ಕಾಲದಿಂದ ಹೇಳುತ್ತಲೇ ಇದೆ, ಯಾರೂ ಬಗ್ಗಿ ನೋಡಿಲ್ಲ.

ನಾನು ಹೆಚ್ಚಾಗಿ ನೋಡುತ್ತ ಬಂದಿರುವುದು ಬೆಂಗಳೂರಿನ ಒಂದು ಉಡುಪಿ ಹೋಟೆಲಿನ ಗ್ಯಾಸ್ ಫ್ರೈಯರ್. ಸ್ಟೀಲಿನ ಆಳವಾದ ತೊಟ್ಟಿ, ತೊಟ್ಟಿಯ ಒಳಗೇ ಅಡ್ಡಲಾಗಿ ಹಾದುಹೋಗುವ ದಪ್ಪ ಕೊಳವೆಗಳು, ಕೊಳವೆಗಳೊಳಗೆ ಉರಿ. ಎಣ್ಣೆ ಕೊಳವೆಗಳ ಮೇಲೂ ಇರುತ್ತದೆ, ಕೆಳಗೂ ಇರುತ್ತದೆ. ಬಿಸಿಯಾದ ಎಣ್ಣೆ ಮೇಲಕ್ಕೇ ಹೋಗುವುದರಿಂದ ಕೆಳಗಿನದು ಅಷ್ಟಾಗಿ ಕಾಯುವುದಿಲ್ಲ. ಈರುಳ್ಳಿ ಚೂರು, ಹಿಟ್ಟಿನ ಹನಿ, ಕರಿಬೇವಿನ ತುಣುಕು ಎಲ್ಲವೂ ಆ ತಂಪು ಪದರಕ್ಕಿಳಿದು ಕೆರೆಯ ತಳದ ಹೂಳಿನ ಹಾಗೆ ಸುಮ್ಮನೆ ಕೂರುತ್ತವೆ. ಬಾಣಲೆಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ತಳವೇ ಎಲ್ಲಕ್ಕಿಂತ ಬಿಸಿ, ಬಿದ್ದದ್ದು ಬಿದ್ದಲ್ಲೇ ಕರಕಲಾಗುತ್ತದೆ.

ಈ ಫ್ರೈಯರಿನ ಮುಂದೆ ನಿಲ್ಲುವ ವಡೆ ಮಾಸ್ಟರ್ ಉಡುಪಿ ಕಡೆಯವರು. ವಡೆ ಕೆಟ್ಟ ದಿನ ಅಡುಗೆಮನೆಯಲ್ಲಿ ಎಲ್ಲರೂ ಮೊದಲು ಬೈಯುವುದು ಎಣ್ಣೆಯನ್ನು, ಆಮೇಲೆ ಹಿಟ್ಟನ್ನು, ಕಡೆಗೆ ರುಬ್ಬಿದ ಹುಡುಗನನ್ನು. ಫ್ರೈಯರಿನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಅದು ಉರಿಯುತ್ತಿದೆ, ಎಣ್ಣೆ ಕಾಯುತ್ತಿದೆ, ಇನ್ನೇನು ಬೇಕು ಎಂಬ ಭಾವನೆ. ಮಾಸ್ಟರು ಮಾತ್ರ ಒಂದು ಬೆಳಿಗ್ಗೆ ಜಾಲರಿ ಸೌಟನ್ನು ತೊಟ್ಟಿಯ ಅಂಚಿಗೆ ಒರಗಿಸಿ, "ಎಣ್ಣೆಗೆ ಏನೂ ಆಗ್ಲಿಲ್ಲ ಮಾರಾಯ್ರೆ, ಉರಿಯೇ ಸಮ ಇಲ್ಲ" ಅಂದರು. ಅವರು ಸರಿಯಾಗಿಯೇ ಹೇಳಿದ್ದರು. ಎಣ್ಣೆಯ ಕೇಡು ಯಾವುದು, ಯಂತ್ರದ ಕೇಡು ಯಾವುದು ಎಂದು ಬೇರೆ ಮಾಡುವುದೇ ಇಲ್ಲಿನ ಮುಖ್ಯ ಕೆಲಸ. ಹಕ್ಕಿ ನೋಡಲು ಹೋಗುವವರು ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಮತ್ತೆ ಮತ್ತೆ ಹೋಗುತ್ತಾರಲ್ಲ, ಆ ಕ್ರಮವನ್ನೇ ಇಲ್ಲಿಗೂ ತಂದುಕೊಳ್ಳಬೇಕು. ನಿನ್ನೆ ಹೇಗಿತ್ತೆಂದು ತಿಳಿಯದೆ ಇವತ್ತಿನದನ್ನು ಕೆಟ್ಟದ್ದೆನ್ನಲು ಬರುವುದಿಲ್ಲ.

ಮೊದಲು ಪೈಲಟ್ ಉರಿ. ಕಿರುಬೆರಳಿನಷ್ಟು ಉದ್ದದ ನೀಲಿ ನಾಲಿಗೆ, ಅದರ ಮೈಗೆ ತಾಗಿಕೊಂಡು ನಿಂತ ಒಂದು ತಾಮ್ರಬಣ್ಣದ ಕಡ್ಡಿ. ಆ ಕಡ್ಡಿಯೇ ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹಗಳನ್ನು ಜೋಡಿಸಿ ಆ ಜೋಡಣೆಯನ್ನು ಕಾಯಿಸಿದರೆ ವಿದ್ಯುತ್ತು ಹುಟ್ಟುತ್ತದೆಂದು ಲೋಕಕ್ಕೆ ಗೊತ್ತಾದದ್ದು 1821ರಲ್ಲಿ ವಿಜ್ಞಾನಿ ಸೀಬೆಕ್ ನಡೆಸಿದ ಪ್ರಯೋಗದಿಂದ. ಇಲ್ಲಿ ಹುಟ್ಟುವುದು ಬರೀ 20-30 ಮಿಲಿವೋಲ್ಟ್. ಅಷ್ಟೇ ಶಕ್ತಿ ಒಂದು ಪುಟ್ಟ ಆಯಸ್ಕಾಂತವನ್ನು ಹಿಡಿದು, ಗ್ಯಾಸಿನ ಬಾಗಿಲು ತೆರೆದಿಟ್ಟಿರುತ್ತದೆ. ಪೈಲಟ್ ಆರಿತೋ, ಕಡ್ಡಿ ತಣ್ಣಗಾಗುತ್ತದೆ, ಹಿಡಿತ ಬಿಡುತ್ತದೆ, ಗ್ಯಾಸ್ ನಿಲ್ಲುತ್ತದೆ. ಹಚ್ಚುವಾಗ ನಾಬನ್ನು ಒತ್ತಿ ಹಿಡಿಯುವುದು ಈ ಕಡ್ಡಿ ಕಾಯಲೆಂದು. ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕು. ಒತ್ತಿ ಹಿಡಿಯುವ ಹೊತ್ತು ದಿನದಿಂದ ದಿನಕ್ಕೆ ಉದ್ದವಾಗುತ್ತಿದ್ದರೆ, ಕೈಬಿಟ್ಟ ಕೂಡಲೇ ಪೈಲಟ್ ಆರುತ್ತಿದ್ದರೆ, ಒಂದೋ ಕಡ್ಡಿ ಸವೆದಿದೆ, ಇಲ್ಲವೇ ಉರಿಯ ನಾಲಿಗೆ ಅದಕ್ಕೆ ಸರಿಯಾಗಿ ತಾಗುತ್ತಿಲ್ಲ. ನಾಬಿಗೆ ಬೆಣೆ ಕೊಟ್ಟು ಒತ್ತಿಟ್ಟು ಕೆಲಸ ಸಾಗಿಸುವ ಅಡುಗೆಮನೆಗಳನ್ನು ಕಂಡಿದ್ದೇನೆ. ಕಾವಲುಗಾರನ ಕೈಕಾಲು ಕಟ್ಟಿಹಾಕುವ ಕೆಲಸವದು, ದಯವಿಟ್ಟು ಯಾರೂ ಮಾಡಬಾರದು.

ಪೈಲಟಿನಿಂದ ದೊಡ್ಡ ಬರ್ನರಿಗೆ ಉರಿ ಹಾಯುವ ಕ್ಷಣವನ್ನು ಕಿವಿಯಿಂದ ಗಮನಿಸಬೇಕು. ಸರಿಯಿದ್ದರೆ ಮೆಲ್ಲಗೆ 'ಬುಸ್' ಎಂದು ಎಲ್ಲ ಕೊಳವೆಗಳಿಗೂ ಒಟ್ಟಿಗೆ ಹತ್ತಿಕೊಳ್ಳುತ್ತದೆ. ಒಂದೆರಡು ಉಸಿರಿನಷ್ಟು ಮೌನ, ಆಮೇಲೆ 'ಭಗ್' ಎಂಬ ಸದ್ದು, ಹೀಗಾದರೆ ನಡುವೆ ಗ್ಯಾಸ್ ತುಂಬಿಕೊಂಡು ತಡವಾಗಿ ಹತ್ತಿದೆ ಎಂದರ್ಥ. ಬಣ್ಣ ಎರಡನೆಯ ಗುರುತು. ಎಲ್‌ಪಿಜಿ ತಕ್ಕಷ್ಟು ಗಾಳಿ ಸಿಕ್ಕಾಗ ನೀಲಿಯಾಗಿ ಉರಿಯುತ್ತದೆ. ತುದಿ ಹಳದಿಯಾಗಿ ಸೋಮಾರಿಯಾಗಿ ತೂಗಾಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಉರಿಯದೆ ಉಳಿದ ಇಂಗಾಲವೇ ಮಸಿಯಾಗಿ ಚಿಮಣಿಯ ಬಾಯಿಗೂ ಮುಂದಿನ ತಗಡಿಗೂ ಅಂಟುತ್ತದೆ. ಬೆರಳಿಟ್ಟು ಎಳೆದರೆ ಕಪ್ಪು ಗೆರೆ ಬರುವ ಫ್ರೈಯರ್ ಗ್ಯಾಸನ್ನೂ ಹಾಳುಮಾಡುತ್ತಿದೆ, ಒಳಗಿನವರ ಉಸಿರನ್ನೂ ಕೆಡಿಸುತ್ತಿದೆ.

ಗಾಳಿ ಸಾಲದಿರಲು ಕಾರಣ ಹಲವು ಸಲ ಒಂದು ಜೇಡ. ಗ್ಯಾಸ್ ಗಾಳಿಯೊಂದಿಗೆ ಬೆರೆಯುವ ಬಾಯಿಯಲ್ಲಿ, ಕೆಲವು ದಿನ ಬಳಸದೆ ಬಿಟ್ಟ ಫ್ರೈಯರಿನಲ್ಲಿ ಅದು ಬಿಳಿ ರೇಷ್ಮೆಯ ಚಿಕ್ಕ ಚೀಲ ಹೆಣೆದಿರುತ್ತದೆ. ಕಣ್ಣಿಗೆ ಧೂಳಿನಷ್ಟೇ ಕಂಡರೂ ಗಾಳಿಯ ಹರಿವನ್ನು ಕೆಡಿಸಲು ಅಷ್ಟು ಸಾಕು. ಇಂಥ ಕೊಳವೆಗಳ ಮೇಲೆ ಜೇಡಗಳಿಗೆ ಒಲವಿರುವುದು ಹೋಟೆಲಿಗೆ ಮಾತ್ರ ಸೇರಿದ ಸಂಗತಿಯಲ್ಲ. 2011ರಲ್ಲಿ ಅಮೆರಿಕದಲ್ಲಿ ಮಜ್ದಾ ಕಂಪನಿ 50 ಸಾವಿರದಷ್ಟು ಕಾರುಗಳನ್ನು ತಪಾಸಣೆಗೆ ಹಿಂದಕ್ಕೆ ಕರೆಸಿಕೊಂಡದ್ದು ಹಳದಿ ಜೇಡವೊಂದು ಇಂಧನ ಟ್ಯಾಂಕಿನ ಗಾಳಿಕೊಳವೆಯಲ್ಲಿ ಬಲೆ ಕಟ್ಟುತ್ತಿದ್ದ ಕಾರಣಕ್ಕೆ. ನಮ್ಮಲ್ಲಿ ಇದರ ಜೊತೆಗೆ ಮಣ್ಣಿನ ಗೂಡು ಕಟ್ಟುವ ಕಣಜವೂ ಉಂಟು. ಸ್ವಿಚ್ ಬೋರ್ಡಿನ ತೂತನ್ನೂ ಬಿಡದ ಅದು ಹೊರಗೋಡೆಯ ಗ್ಯಾಸ್ ಪೈಪಿನ ತೆರೆದ ಬಾಯನ್ನು ಬಿಡುತ್ತದೆಯೇ? ಶಾಲೆಯ ರಜೆ ಮುಗಿದು ಕ್ಯಾಂಟೀನ್ ಮತ್ತೆ ತೆರೆಯುವ ವಾರದಲ್ಲಿ ಬರ್ನರ್ ಹಳದಿಯಾಗಿ ಉರಿದರೆ ನಾನು ಮೊದಲು ಹುಡುಕಲು ಹೇಳುವುದು ಇವೆರಡನ್ನೇ.

ಉರಿ ಸೋತರೂ ಫ್ರೈಯರಿನ ತಪ್ಪಿಲ್ಲದ ಕಾಲ ಒಂದಿದೆ: ಡಿಸೆಂಬರಿನ ಬೆಳಗು. ಹೋಟೆಲಿನ 19 ಕಿಲೋ ಸಿಲಿಂಡರಿನಿಂದ ಬಿಡುವಿಲ್ಲದೆ ಗ್ಯಾಸ್ ಎಳೆದಾಗ ಒಳಗಿನ ದ್ರವ ಆವಿಯಾಗುತ್ತ ತನ್ನ ಶಾಖವನ್ನು ತಾನೇ ಕಳೆದುಕೊಳ್ಳುತ್ತದೆ. ಸಿಲಿಂಡರಿನ ಮೈ ಬೆವರುತ್ತದೆ, ಎಳೆತ ಹೆಚ್ಚಾದರೆ ಬಿಳಿ ಹಿಮದ ಪೊರೆಯೇ ಕಟ್ಟುತ್ತದೆ. ಎಲ್‌ಪಿಜಿಯಲ್ಲಿರುವ ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ, ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲಿ. ಹಗುರವಾದದ್ದು ಮೊದಲು ಹೆಚ್ಚಾಗಿ ಹೋಗುತ್ತದೆ, ಸಿಲಿಂಡರ್ ಮುಗಿಯುತ್ತ ಬಂದ ಹಾಗೆ ಬ್ಯೂಟೇನ್ ಪಾಲು ಹೆಚ್ಚುತ್ತದೆ, ಚಳಿಗೆ ಅದರ ಒತ್ತಡ ಕುಗ್ಗುತ್ತದೆ. ಪರೀಕ್ಷೆ ಸುಲಭ. ಪಕ್ಕದ ಸಾಂಬಾರ್ ಒಲೆಯೂ ದೋಸೆ ಕಾವಲಿಯೂ ಸೋತಿದ್ದರೆ ಕೇಡು ಸಿಲಿಂಡರಿನದು ಅಥವಾ ರೆಗ್ಯುಲೇಟರಿನದು. ಅವೆರಡೂ ಜೋರಾಗಿ ಉರಿಯುತ್ತ ಫ್ರೈಯರ್ ಒಂದೇ ಮಂಕಾಗಿದ್ದರೆ ಮೆಕ್ಯಾನಿಕ್ಕನ್ನು ಕರೆಯಬೇಕು.

ಇನ್ನು ಶಾಖದ ಮಾತು. ನಾಬಿನ ಮೇಲೆ 180 ಎಂದು ಬರೆದಿರುತ್ತದೆ, ಎಣ್ಣೆ 180ರಲ್ಲಿ ಇರಬೇಕೆಂದೇನೂ ಇಲ್ಲ. ಕಂಬಿಯ ಥರ್ಮಾಮೀಟರ್ ಒಂದನ್ನು ಜೊತೆಗಿಟ್ಟುಕೊಳ್ಳಬೇಕು, ಅದನ್ನೂ ಮೊದಲು ಪರೀಕ್ಷಿಸಬೇಕು. ಕುದಿಯುವ ನೀರಿನಲ್ಲಿ ಅದ್ದಿದಾಗ ಬೆಂಗಳೂರಿನಲ್ಲಿ 97ರ ಸುತ್ತ ತೋರಿಸಿದರೆ ಅದು ಸರಿಯಾಗಿದೆ. ಈ ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು 100ರವರೆಗೆ ಕಾಯುವುದೇ ಇಲ್ಲ. ಮಂಗಳೂರಿನಲ್ಲಿ ಅದೇ ಥರ್ಮಾಮೀಟರ್ 100 ತೋರಿಸಬೇಕು. ಆಮೇಲೆ ಅದನ್ನು ಎಣ್ಣೆಯ ನಡುವೆ ಇಳಿಬಿಟ್ಟು, ಏನೂ ಕರಿಯದೆ, ಉರಿ ತಾನಾಗಿ ಆರಿ ತಾನಾಗಿ ಹೊತ್ತಿಕೊಳ್ಳುವುದನ್ನು ಮೂರು ನಾಲ್ಕು ಸುತ್ತು ನೋಡಬೇಕು. ಮೊದಲ ಸುತ್ತನ್ನು ನಂಬಬಾರದು, ತಣ್ಣಗಿದ್ದ ತೊಟ್ಟಿ ಮೊದಲ ಸಲ ಮಿತಿ ದಾಟಿಯೇ ನಿಲ್ಲುತ್ತದೆ. ಮುಂದಿನ ಸುತ್ತುಗಳಲ್ಲಿ ಆರುವ ಅಂಕೆಗೂ ಹೊತ್ತುವ ಅಂಕೆಗೂ ನಡುವಿನ ಅಂತರ ಒಂದೇ ಸಮನಿದ್ದರೆ ಒಳ್ಳೆಯದು. ಒಮ್ಮೆ 185ಕ್ಕೆ ಆರಿ ಮತ್ತೊಮ್ಮೆ 205ಕ್ಕೆ ಆರಿದರೆ ಥರ್ಮೋಸ್ಟಾಟ್ ದಾರಿ ತಪ್ಪಿದೆ.

ಅದು ಶಾಖ ಅಳೆಯುವ ಬಗೆ ತಿಳಿದರೆ ದಾರಿ ತಪ್ಪುವುದೇಕೆಂದು ಗೊತ್ತಾಗುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಪೆನ್ಸಿಲ್ ದಪ್ಪದ ಲೋಹದ ಬಲ್ಬಿನೊಳಗೆ ದ್ರವ ತುಂಬಿರುತ್ತದೆ. ಕಾದಾಗ ಅದು ಹಿಗ್ಗಿ, ಕೂದಲೆಳೆಯಂಥ ಕೊಳವೆಯ ಮೂಲಕ ಒತ್ತಿ, ಸ್ವಿಚ್ಚನ್ನು ಆರಿಸುತ್ತದೆ. ಜನವರಿಯ ಸುಮಾರಿಗೆ ಹಿತಕಿದ ಅವರೆಬೇಳೆ ಕರಿಯುವ ಕಾಲ. ಬೇಳೆಯ ಪುಡಿಯೂ ಸಿಪ್ಪೆಯ ಚೂರೂ ಜಾಲರಿಯಿಂದ ನುಸುಳಿ ಎಲ್ಲೆಂದರಲ್ಲಿ ಅಂಟುತ್ತವೆ. ಋತು ಮುಗಿದ ಮೇಲೆ ಎಣ್ಣೆ ಇಳಿಸಿದಾಗ ಬಲ್ಬಿನ ಮೇಲೆ ಕಪ್ಪು ಕರಕಲಿನ ಕವಚ ಕಂಡಿದ್ದೆವು, ಉಗುರಿನಷ್ಟು ದಪ್ಪ. ಎಣ್ಣೆಯ ಬಿಸಿ ಆ ಕವಚ ದಾಟಿ ಒಳಗೆ ಹೋಗುವಷ್ಟರಲ್ಲಿ ಎಣ್ಣೆ ಇನ್ನೂ ಎಷ್ಟೋ ಡಿಗ್ರಿ ಮೇಲೇರಿರುತ್ತದೆ, ತಣಿದದ್ದು ತಿಳಿಯುವುದೂ ಹಾಗೆಯೇ ತಡ. ಮಾಸ್ಟರು ಬಿಸಿನೀರಿನಲ್ಲಿ ನೆನೆಸಿ ನೈಲಾನ್ ಬ್ರಷ್ಷಿನಿಂದ ಉಜ್ಜಿದರು. ತಂತಿ ಬ್ರಷ್ ಹಾಕಿ, ಚಾಕು ಹಾಕಿ ಕೆರೆದರೆ ಕೂದಲೆಳೆಯ ಕೊಳವೆ ಮುರಿಯಬಹುದು. ಮರುದಿನ ಅಂಕೆಗಳು ಸ್ಥಿಮಿತಕ್ಕೆ ಬಂದವು, ಹೊಸ ಥರ್ಮೋಸ್ಟಾಟಿನ ಖರ್ಚು ಉಳಿಯಿತು.

ವಡೆ ತಾನೇ ಏನು ಹೇಳುತ್ತದೆ? ಹೊರಗೆ ಬೇಗ ಕಪ್ಪಾಗಿ ಒಳಗೆ ಹಸಿಹಿಟ್ಟು ಉಳಿದರೆ ಎಣ್ಣೆ ಅತಿ ಕಾದಿದೆ. ಬಣ್ಣ ಬಾರದೆ ಎಣ್ಣೆ ಕುಡಿದು ಕೈಗೆ ಜಿಡ್ಡಾದರೆ ಕಾವು ಸಾಲದು. ಬಿಟ್ಟ ವಡೆಯಿಂದ ಏಳುವ ಗುಳ್ಳೆಗಳೆಲ್ಲ ಹಿಟ್ಟಿನ ನೀರು ಆವಿಯಾಗಿ ಓಡುವುದರಿಂದ ಆದವು. ಆ ಆವಿ ಹೊರಕ್ಕೆ ನುಗ್ಗುತ್ತಿರುವಷ್ಟು ಹೊತ್ತು ಎಣ್ಣೆ ಒಳಕ್ಕೆ ಇಳಿಯದು. ಒಳ್ಳೆಯ ಎಣ್ಣೆಯಲ್ಲಿ ಗುಳ್ಳೆ ದೊಡ್ಡದು, ಮೇಲೆ ಬಂದ ಕೂಡಲೇ ಒಡೆಯುತ್ತದೆ. ಹಳೆಯ ಎಣ್ಣೆಯಲ್ಲಿ ಸಾಬೂನಿನ ಗುಣದ ಪದಾರ್ಥಗಳು ಹುಟ್ಟಿಕೊಂಡು ಗುಳ್ಳೆ ಸಣ್ಣದಾಗಿ, ಒಡೆಯದೆ, ನೊರೆಯಾಗಿ ನಿಲ್ಲುತ್ತದೆ. ಇದು ಎಣ್ಣೆಯ ಲಕ್ಷಣ, ಯಂತ್ರದ್ದಲ್ಲ. ಆದರೆ ಒಂದೇ ತೊಟ್ಟಿಯ ಎಡಬದಿಯ ವಡೆ ಹೊಂಬಣ್ಣಕ್ಕೆ ಬಂದು ಬಲಬದಿಯದು ಬಿಳಿಚಿಕೊಂಡೇ ಇದ್ದರೆ ಅದಕ್ಕೆ ಎಣ್ಣೆ ಕಾರಣವಾಗಲಾರದು, ಎರಡೂ ಕಡೆ ಇರುವುದು ಒಂದೇ ಎಣ್ಣೆ. ಬಲಗಡೆಯ ಕೊಳವೆಯಲ್ಲಿ ಉರಿ ಹರಿಯುತ್ತಿಲ್ಲ.

ಗೊಂದಲ ಬಗೆಹರಿಸಲು ಈಗ ಒಂದು ಅಳತೆಯೂ ಇದೆ. ಕರಿದ ಎಣ್ಣೆಯಲ್ಲಿ ಸೇರುವ ಧ್ರುವೀಯ ಸಂಯುಕ್ತಗಳ ಒಟ್ಟು ಪ್ರಮಾಣ ಶೇ. 25ನ್ನು ದಾಟಿದರೆ ಆ ಎಣ್ಣೆಯನ್ನು ಬಳಸುವಂತಿಲ್ಲ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಕೈಯಲ್ಲಿ ಹಿಡಿಯುವ ಮೀಟರನ್ನು ಬಿಸಿ ಎಣ್ಣೆಗೆ ಅದ್ದಿದರೆ ಅಂಕೆ ಬರುತ್ತದೆ. ಅಂಕೆ ಮಿತಿಗಿಂತ ಬಹಳ ಕೆಳಗಿದ್ದೂ ವಡೆ ಕಪ್ಪಾಗುತ್ತಿದ್ದರೆ ಯಂತ್ರದ ಕಡೆ ತಿರುಗಬೇಕು. ಅಂಕೆ ಎಂದಿಗಿಂತ ಬೇಗ ಏರುತ್ತಿದ್ದರೂ ಯಂತ್ರದ ಕಡೆಗೇ ತಿರುಗಬೇಕು ಎಂಬುದು ನನ್ನ ಒತ್ತಾಯ. ಮಿತಿ ಮೀರಿ ಕಾಯಿಸುವ ಥರ್ಮೋಸ್ಟಾಟ್ ದಿನವೂ ಎಣ್ಣೆಯನ್ನು ಸುಡುತ್ತಿರುತ್ತದೆ, ಬೈಗುಳ ಮಾತ್ರ ಎಣ್ಣೆಯ ಡೀಲರಿಗೆ. ಇನ್ನೊಂದು ಅಡುಗೆಮನೆಯಲ್ಲಿ ಎಣ್ಣೆ ಇದ್ದಕ್ಕಿದ್ದಂತೆ ಬೇಗ ಕಮಟಾಗತೊಡಗಿತ್ತು. ಶಾಖ ಸರಿ, ಉರಿ ಸರಿ, ಕಂಪನಿಯೂ ಬದಲಾಗಿರಲಿಲ್ಲ. ಬದಲಾದದ್ದು ಎಣ್ಣೆ ಇಳಿಸುವ ನಲ್ಲಿ. ಸ್ಟೀಲಿನದು ಹೋಗಿ ಹಿತ್ತಾಳೆಯದು ಬಂದಿತ್ತು. ಹಿತ್ತಾಳೆಯಲ್ಲಿರುವ ತಾಮ್ರ ಎಣ್ಣೆ ಕಮಟಾಗುವ ಕ್ರಿಯೆಯನ್ನು ಚುರುಕುಗೊಳಿಸುತ್ತದೆ.

ಪ್ರತಿದಿನ ನೋಡಬೇಕಾದ ಒಂದೇ ಒಂದು ಗುರುತು ಹೇಳಿ ಎಂದರೆ, ತಣಿದ ಎಣ್ಣೆ ಮತ್ತೆ ಮೇಲೇರುವ ವೇಗ ಎನ್ನುತ್ತೇನೆ. ತಣ್ಣನೆ ಹಿಟ್ಟು ಬಿದ್ದಾಗ ಎಣ್ಣೆ 180ರಿಂದ 160ರ ಆಚೀಚೆಗೆ ಇಳಿಯುತ್ತದೆ. ಈ ಹೋಟೆಲಿನ ಫ್ರೈಯರ್ ಚೆನ್ನಾಗಿದ್ದ ಕಾಲದಲ್ಲಿ ಎರಡು ಮೂರು ನಿಮಿಷಕ್ಕೆ ಮತ್ತೆ ಮೇಲೆ ಬರುತ್ತಿತ್ತು. ಉರಿ ಸೋಲುತ್ತ ಬಂದಂತೆ ಅದು ನಾಲ್ಕಾಯಿತು, ಐದಾಯಿತು. ಗಿರಾಕಿಗಳ ನೂಕುನುಗ್ಗಲಿನ ಎಂಟರಿಂದ ಹತ್ತರ ಹೊತ್ತಿನಲ್ಲಿ ಮಾಸ್ಟರು ಕಾಯದೆ ಮುಂದಿನ ವಡೆ ಬಿಡುತ್ತಾರೆ, ಬಿಡಲೇಬೇಕು. ಹಾಗಾಗಿ ಏಳು ಗಂಟೆಯ ವಡೆ ಗರಿಗರಿ, ಒಂಬತ್ತರ ವಡೆ ಜಿಡ್ಡು. ಎಣ್ಣೆ ಎರಡು ಗಂಟೆಯಲ್ಲಿ ಕೆಟ್ಟಿರುವುದಿಲ್ಲ. ಮಾಸ್ಟರು ಈಗ ಈ ನಿಮಿಷಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲದ ಪಕ್ಕಕ್ಕೆ ಪೆನ್ಸಿಲಿನಲ್ಲಿ ಬರೆದಿಡುತ್ತಾರೆ. ಮೆಕ್ಯಾನಿಕ್ ಬಂದಾಗ ಮೊದಲು ನೋಡುವುದು ಅದನ್ನೇ.

ಕರೆಂಟಿನ ಫ್ರೈಯರಿಗೆ ಬೇರೆಯದೇ ಋತುಮಾನ. ತೀರ್ಥಹಳ್ಳಿ ಕಡೆಯ ಬೇಕರಿಯೊಂದರಲ್ಲಿ ಮಳೆಗಾಲದ ಮಂದ ವ್ಯಾಪಾರಕ್ಕೆ ಫ್ರೈಯರನ್ನು ಮುಚ್ಚಿಟ್ಟಿದ್ದರು. ಮತ್ತೆ ಹಾಕಿದ ಕೂಡಲೇ ಟ್ರಿಪ್. ಕಾಯಿಲ್ ಸುಟ್ಟಿದೆ, ಹೊಸದು ತರಬೇಕು ಎಂದು ತೀರ್ಮಾನವೂ ಆಗಿತ್ತು. ಹೀಟರ್ ರಾಡಿನೊಳಗೆ ಕಾಯಿಲಿನ ಸುತ್ತ ಬಿಳಿಪುಡಿ ಒತ್ತಿ ತುಂಬಿರುತ್ತದೆ. ಅದು ಮೆಗ್ನೀಸಿಯಂ ಆಕ್ಸೈಡ್, ಒಣಗಿದ್ದಾಗ ವಿದ್ಯುತ್ತನ್ನು ಬಿಟ್ಟುಕೊಡುವುದಿಲ್ಲ, ಆದರೆ ಗಾಳಿಯ ತೇವವನ್ನು ಹೀರುತ್ತದೆ. ಆಷಾಢದ ಮಲೆನಾಡಿನಲ್ಲಿ ತೇವಕ್ಕೇನು ಬರ? ಎಲೆಕ್ಟ್ರಿಷಿಯನ್ ವಿದ್ಯುತ್ ಸೋರಿಕೆ ಪತ್ತೆಹಚ್ಚುವ ಮೆಗ್ಗರ್ ಹಿಡಿದು ಅಳೆದು, ರಾಡ್ ಬಿಚ್ಚಿ ಹದವಾದ ಶಾಖದಲ್ಲಿ ಒಣಗಿಸಿದ ಮೇಲೆ ಅದೇ ರಾಡ್ ಕೆಲಸಕ್ಕೆ ಬಂತು. ಬೇಸಿಗೆಯಲ್ಲಿ, ದಿನವೂ ಬಳಸುತ್ತಿರುವಾಗ ಟ್ರಿಪ್ ಆದರೆ ಮಾತ್ರ ಹೊರಕವಚ ಸೀಳಿದೆಯೆಂದು ಅನುಮಾನಿಸಬೇಕು. ಮೂರು ರಾಡುಗಳಲ್ಲಿ ಒಂದು ಸತ್ತದ್ದನ್ನು ಕಣ್ಣಿನಿಂದಲೇ ಕಂಡುಹಿಡಿಯಬಹುದು. ಎಣ್ಣೆ ಕಾಯುತ್ತಿರುವಾಗ ಬೆಳಕಿಗೆ ಓರೆಯಾಗಿ ನೋಡಿದರೆ ಜೀವವಿರುವ ರಾಡುಗಳ ಮೇಲೆ ಎಣ್ಣೆ ಎಳೆಎಳೆಯಾಗಿ ಮೇಲೇಳುತ್ತ ನಡುಗುತ್ತದೆ, ಸತ್ತ ರಾಡಿನ ಮೇಲೆ ನಿಶ್ಚಲವಾಗಿರುತ್ತದೆ.

ನೋಡೋಣವೆಂದು ಸುಮ್ಮನಿರಬಾರದ ಗುರುತುಗಳೂ ಇವೆ. ಗ್ಯಾಸಿನ ವಾಸನೆ ಅದರಲ್ಲೊಂದು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ನಿಲ್ಲುತ್ತದೆ. ಸಾಬೂನು ನೀರು ಹಚ್ಚಿ ಗುಳ್ಳೆ ನೋಡಬೇಕೇ ಹೊರತು ಕಡ್ಡಿ ಗೀರಿ ಹುಡುಕಬಾರದು. ಇನ್ನೊಂದು ಕೆಂಪು ಗುಂಡಿ. ಥರ್ಮೋಸ್ಟಾಟಿನ ಕೂದಲೆಳೆ ಕೊಳವೆ ಒಡೆದು ದ್ರವ ಸೋರಿದರೆ, ಎಣ್ಣೆ ಎಷ್ಟು ಕಾದರೂ ತಣ್ಣಗೇ ಇದೆಯೆಂದು ತಿಳಿದು ಅದು ಉರಿಸುತ್ತಲೇ ಇರಬಹುದು. ಆಗ ಕಾಯುವುದು ಹೈ ಲಿಮಿಟ್ ಎಂಬ ಎರಡನೆಯ ಸ್ವಿಚ್. ಸುಮಾರು 230 ಡಿಗ್ರಿಗೆ ಅದು ಎಲ್ಲವನ್ನೂ ನಿಲ್ಲಿಸುತ್ತದೆ, ಅದರ ಕೆಂಪು ಗುಂಡಿ ಮೇಲೇಳುತ್ತದೆ. ಕೆಲವರು ಗುಂಡಿ ಒತ್ತಿ ಮತ್ತೆ ಹಚ್ಚುತ್ತಾರೆ, ಮತ್ತೆ ನಿಂತರೆ ಮತ್ತೆ ಒತ್ತುತ್ತಾರೆ, ಕಡೆಗೆ ಕಿರಿಕಿರಿಯೆಂದು ಅದನ್ನು ತಪ್ಪಿಸಿ ನೇರ ವೈರ್ ಜೋಡಿಸುತ್ತಾರೆ. ಅಲ್ಲಿಂದ ಮುಂದೆ ಹೊಗೆ, 350 ಡಿಗ್ರಿ ದಾಟಿದ ಮೇಲೆ ಕಡ್ಡಿ ಗೀರದೆಯೇ ಬೆಂಕಿ. ಅದರ ಮೇಲೆ ನೀರು ಸುರಿದರೆ ನೀರು ತಳಕ್ಕಿಳಿದು, ಸುಮಾರು 1,700 ಪಟ್ಟು ಹಿಗ್ಗಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಸೂರಿಗೆ ಎರಚುತ್ತದೆ. ಅಡುಗೆ ಎಣ್ಣೆಯ ಬೆಂಕಿಗೆಂದೇ ಇರುವ ವೆಟ್ ಕೆಮಿಕಲ್ ಸಿಲಿಂಡರ್ ಎಣ್ಣೆಯ ಮೇಲೆ ಸಾಬೂನಿನ ಪದರ ಕಟ್ಟಿಸಿ ಬೆಂಕಿಯನ್ನು ಆರಿಸುತ್ತದೆ. ಕೆಂಪು ಗುಂಡಿ ಒಮ್ಮೆ ಮೇಲೆದ್ದರೂ ಸರಿ, ಏಕೆಂದು ತಿಳಿಯುವ ತನಕ ಆ ದಿನ ಬಾಣಲೆಯೇ ಸಾಕು.

ವಾಲ್ವ್, ಥರ್ಮೋಕಪಲ್, ಥರ್ಮೋಸ್ಟಾಟ್, ರಾಡ್ ಎಲ್ಲವೂ ಬದಲಾಯಿಸಬಹುದಾದವು. ತೊಟ್ಟಿಯ ಬೆಸುಗೆ ಅಷ್ಟು ಸುಲಭವಲ್ಲ. ದಿನವೂ ಕಾದು ದಿನವೂ ತಣಿದು ಲೋಹ ಹಿಗ್ಗಿ ಕುಗ್ಗಿ, ಕೊಳವೆ ತೊಟ್ಟಿಗೆ ಸೇರುವ ಮೂಲೆಯಲ್ಲಿ ಕೂದಲಿನಷ್ಟು ಸೀಳು ಬಿಡುತ್ತದೆ. ಮೇಲೆ ಎಣ್ಣೆ ಹೊಗೆಯಾಡದೆ ಕೆಳಗಿನಿಂದ, ಬರ್ನರ್ ಕಡೆಯಿಂದ, ಘಾಟು ಹೊಗೆ ಬರುವುದು ಅದರ ಗುರುತು. ಈ ಹೋಟೆಲಿನಲ್ಲಿ ಹಾಗಾದಾಗ ಫ್ಯಾಬ್ರಿಕೇಶನ್ ಮಿಸ್ತ್ರಿ ತನ್ನ ಕಸುಬಿನ ಹಳೆಯ ಪರೀಕ್ಷೆ ಮಾಡಿದ. ತೊಟ್ಟಿಯ ಹೊರಮೈಯನ್ನು ತೊಳೆದು ಒಣಗಿಸಿ, ಬೆಸುಗೆಯ ಉದ್ದಕ್ಕೂ ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿದು ಒಣಗಲು ಬಿಟ್ಟ. ಒಳಗೆ ಸೀಮೆಎಣ್ಣೆ ಸವರಿದ. ಚಹಾ ಕುಡಿದು ಬರುವಷ್ಟರಲ್ಲಿ ಬಿಳಿಯ ಮೇಲೆ ಎರಡಂಗುಲದ ತೆಳ್ಳನೆಯ ಕಂದು ಗೆರೆ ಮೂಡಿತ್ತು. ಬೆಸೆದು, ತೊಟ್ಟಿಯನ್ನು ಚೆನ್ನಾಗಿ ತೊಳೆದು ಕೊಟ್ಟ. ಕೆಲವು ತಿಂಗಳಲ್ಲಿ ಅದರ ಪಕ್ಕದಲ್ಲೇ ಮತ್ತೆ ಸೀಳಿತು. ಎರಡನೆಯ ಸಲ ಬೆಸೆಯಲು ಮಿಸ್ತ್ರಿಯೇ ಒಪ್ಪಲಿಲ್ಲ. "ತಗಡು ಸುಸ್ತಾಗಿದೆ ಸರ್, ದುಡ್ಡು ಹಾಳು" ಎಂದ. ಧಣಿಗಳು ತೊಟ್ಟಿಯನ್ನೇ ಬದಲಾಯಿಸಿದರು, ಈ ಸಲ ಹಿಂದಿನದಕ್ಕಿಂತ ದಪ್ಪ ತಗಡಿನದು. ಕ್ಯಾಲೆಂಡರಿನಲ್ಲಿ ಮಾಸ್ಟರು ಬರೆಯುವ ಅಂಕೆ ಮತ್ತೆ ಎರಡೂವರೆ ನಿಮಿಷಕ್ಕೆ ಬಂದಿದೆ.